ಬೆಂಗಳೂರಿನಲ್ಲಿ ಅಪಘಾತ ನೂರಕ್ಕೆ ನಲವತ್ತರಷ್ಟು ಇಳಿಯಿತು, ಸಾವು ಏಕೆ ಅಷ್ಟು ಇಳಿಯಲಿಲ್ಲ?

ಕಾಲ್ನಡಿಗೆ

ಹೋದ ತಿಂಗಳು ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮಗನಿಗೆ ಹೊರವರ್ತುಲ ರಸ್ತೆಯಲ್ಲಿ ಕಾರೊಂದು ಬಡಿದು ನಿಲ್ಲದೆ ಹೋಯಿತು. ಆಗ ರಾತ್ರಿ ಹನ್ನೊಂದೂವರೆ. ಹುಡುಗ ಉಳಿದುಕೊಂಡ, ತೊಡೆಗೆ ರಾಡ್ ಹಾಕಿದ್ದಾರೆ. ಆಸ್ಪತ್ರೆಯ ಹೊರಗೆ ಕಾಯುತ್ತಿದ್ದವರೆಲ್ಲ ಹೇಳಿದ ಮಾತು ಒಂದೇ: "ಟ್ರಾಫಿಕ್ ವಿಪರೀತವಾಗಿದೆ, ಇನ್ನೇನಾಗುತ್ತದೆ." ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಟ್ರಾಫಿಕ್ಕೇ ಇರಲಿಲ್ಲ. ಇದು ತಲೆ ಕೊರೆಯತೊಡಗಿದ ಮೇಲೆ ನಗರ ಸಂಚಾರ ಪೊಲೀಸರ ವರ್ಷವಾರು ಲೆಕ್ಕ ತೆಗೆದು ಕುಳಿತೆ.

2007ರಲ್ಲಿ ನಗರದಲ್ಲಿ ದಾಖಲಾದ ಅಪಘಾತಗಳು 8,426, ಸತ್ತವರು 981. 2019ರಲ್ಲಿ 4,688 ಅಪಘಾತ, 768 ಸಾವು. 2020ರಲ್ಲಿ 3,236 ಅಪಘಾತ, 657 ಸಾವು. 2023ರಲ್ಲಿ ಅಪಘಾತ ಹತ್ತಿರ ಹತ್ತಿರ 5,000, ಸಾವು ಮತ್ತೆ 900 ದಾಟಿತು. ಭಾಗಿಸಿ ನೋಡಿ. 2007ರಲ್ಲಿ ನೂರು ಅಪಘಾತಕ್ಕೆ ಹನ್ನೆರಡು ಜೀವ ಹೋಗುತ್ತಿತ್ತು, 2019ರಲ್ಲಿ ಹದಿನಾರು, 2023ರಲ್ಲಿ ಹದಿನೆಂಟು.

ನನ್ನನ್ನು ನಿಲ್ಲಿಸಿದ್ದು 2020ರ ಸಾಲು. ಲಾಕ್‌ಡೌನ್ ವರ್ಷ ಅದು. ಎರಡು ತಿಂಗಳು ಕಾಗೆಯೂ ಹೊರಗೆ ಬರಲಿಲ್ಲ, ಕಂಪನಿಗಳು ವರ್ಷದ ಬಹುಭಾಗ ಮನೆಯಿಂದ ನಡೆದವು. ಅಪಘಾತ ಮೂರನೇ ಒಂದು ಭಾಗ ಇಳಿಯಿತು. ಸಾವು ಇಳಿದದ್ದು ಏಳನೇ ಒಂದು ಭಾಗ. ನೂರಕ್ಕೆ ಇಪ್ಪತ್ತು ಸಾವು, ನಾನು ನೋಡಿದ ವರ್ಷಗಳಲ್ಲಿ ಅದೇ ಅತಿ ಹೆಚ್ಚು.

ನನಗೆ ಹೊಳೆದದ್ದು ಇಷ್ಟು. ಊರೂರಿನ ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ನಮ್ಮ ಊರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ 10 ಸೆಕೆಂಡು ಬೇಕಿತ್ತು, ನಿಧಾನದಲ್ಲಿ ಲಂಡನ್ ಬಿಟ್ಟರೆ ನಾವೇ. ಆ ವೇಗದಲ್ಲಿ ಬಂಪರ್ ಜಜ್ಜುತ್ತದೆ, ಜಗಳವಾಗುತ್ತದೆ, ಜೀವ ಹೋಗುವುದು ಅಪರೂಪ. ಹಗಲೆಲ್ಲ ಶಾಪ ಹಾಕುವ ಆ ದಟ್ಟಣೆಯೇ ನಮ್ಮನ್ನು ಕಾಯುತ್ತಿದೆಯೇ? ಅದು ಕರಗಿದ ಮೇಲೆ, ರಸ್ತೆ ಖಾಲಿಯಾದಾಗ, ಜನ ಸಾಯುತ್ತಿದ್ದಾರೆಯೇ? ತಿಳಿದವರು ತಿದ್ದಿ.

ಗೋಲಿ ಸೋಡಾ

ಬೆಂಗಳೂರಿನ ರಸ್ತೆಯ ಬಗ್ಗೆ ಇಷ್ಟು ಉದ್ದ ಬರೆದು "ಗುಂಡಿ" ಎಂಬ ಪದವನ್ನೇ ಬಳಸದ ಮೊದಲ ವ್ಯಕ್ತಿ ನೀವು.

ವಿಮೆ ಸರ್ವೆ

ಕಾಲ್ನಡಿಗೆಯವರೇ, ನಿಮ್ಮ ಭಾಗಾಕಾರದಲ್ಲಿ ಒಂದು ತೂತು ಇದೆ. ಅಪಘಾತದ ಸಂಖ್ಯೆ ಎಂದರೆ ನಡೆದ ಅಪಘಾತಗಳ ಸಂಖ್ಯೆಯಲ್ಲ, ಠಾಣೆಯ ಪುಸ್ತಕದಲ್ಲಿ ಬರೆದವುಗಳ ಸಂಖ್ಯೆ. ಇಪ್ಪತ್ತೆರಡು ವರ್ಷದಿಂದ ಜಜ್ಜಿದ ಗಾಡಿ ನೋಡುವುದೇ ನನ್ನ ಕೆಲಸ. ನಾನು ನೋಡುವ ಹತ್ತು ಗಾಡಿಗಳಲ್ಲಿ ಠಾಣೆಗೆ ಹೋಗುವುದು ಒಂದೋ ಎರಡೋ. ಮಿಕ್ಕದ್ದೆಲ್ಲ ರಸ್ತೆಯಲ್ಲೇ ಮುಗಿಯುತ್ತದೆ. "ಎರಡು ಸಾವಿರ ಕೊಟ್ಟು ಹೋಗಿ ಸ್ವಾಮಿ" ಎಂದು ಒಬ್ಬ, "ನಿಮ್ಮ ವಿಮೆಯಲ್ಲಿ ಮಾಡಿಸಿಕೊಳ್ಳಿ" ಎಂದು ಇನ್ನೊಬ್ಬ. ಕೈಕಾಲು ತರಚಿದವರು ಔಷಧಿ ಅಂಗಡಿಗೆ ಹೋಗಿ ಟಿಂಚರ್ ಹಚ್ಚಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಹಿಂದೆ ಇವುಗಳಲ್ಲಿ ಹೆಚ್ಚು ದಾಖಲಾಗುತ್ತಿದ್ದವು, ಈಗ ಆಗುತ್ತಿಲ್ಲ ಎಂದುಕೊಳ್ಳಿ. ನಿಮ್ಮ ಹನ್ನೆರಡು ಹದಿನೆಂಟಾಗಲು ರಸ್ತೆಯಲ್ಲಿ ಏನೂ ಬದಲಾಗಬೇಕಿಲ್ಲ.

ಸಾವನ್ನು ಮಾತ್ರ ಯಾರೂ ಬಚ್ಚಿಡಲಾರರು, ಮರಣೋತ್ತರ ಪರೀಕ್ಷೆಯಾಗಬೇಕು, ಪರಿಹಾರ ನ್ಯಾಯಮಂಡಳಿಗೆ ಕಾಗದ ಬೇಕು. ಸಾವನ್ನಷ್ಟೇ ಎಣಿಸಿ.

ಕಾಲ್ನಡಿಗೆ

ಅರ್ಧ ಒಪ್ಪಿದೆ. ಸಾವನ್ನಷ್ಟೇ ಎಣಿಸೋಣ: 2007ರಲ್ಲಿ 981, 2010ರಲ್ಲಿ 858, 2017ರಲ್ಲಿ 642, 2023ರಲ್ಲಿ 900ಕ್ಕೂ ಮೇಲೆ, 2024ರಲ್ಲಿಯೂ ಅದರ ಆಸುಪಾಸಿನಲ್ಲೇ. ಹತ್ತು ವರ್ಷ ಇಳಿದದ್ದು ಆರೇ ವರ್ಷದಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ಮರಳಿತು. ಪುಸ್ತಕದಲ್ಲಿ ಬರೆಯುವುದು ಬಿಡುವುದು ಈ ಏರಿಳಿತವನ್ನು ವಿವರಿಸುವುದಿಲ್ಲ.

2020ರ ಸಾಲಿಗೂ ನಿಮ್ಮ ವಾದ ಹೊಂದುವುದಿಲ್ಲ. ಒಂದೇ ವರ್ಷದಲ್ಲಿ ಪೊಲೀಸರ ಬರೆಯುವ ಅಭ್ಯಾಸ ಬದಲಾಗುವುದಿಲ್ಲ, ಬದಲಾದದ್ದು ರಸ್ತೆ.

ಲೆಕ್ಕದ ಮೇಷ್ಟ್ರು

ಇಬ್ಬರೂ ವಾಹನಗಳನ್ನು ಮರೆತಿರಿ. 2007ರಲ್ಲಿ ಊರಿನಲ್ಲಿ ಸುಮಾರು 30 ಲಕ್ಷ ವಾಹನಗಳಿದ್ದವು, ಈಗ ಒಂದು ಕೋಟಿ ದಾಟಿದೆ. ಪ್ರತಿ ಲಕ್ಷ ವಾಹನಕ್ಕೆ ಸತ್ತವರ ಲೆಕ್ಕ ಹಾಕಿದರೆ ಮೂವತ್ಮೂರರ ಹತ್ತಿರ ಇದ್ದದ್ದು ಒಂಬತ್ತಕ್ಕೆ ಬಂದಿದೆ. ಇದು ಸಣ್ಣ ಸಾಧನೆಯೇ? ಮೂರು ಪಟ್ಟಿಗಿಂತ ಹೆಚ್ಚು ಗಾಡಿ, ಅಷ್ಟೇ ಸಾವು. ಪೊಲೀಸರಿಗೂ ಸ್ವಲ್ಪ ಶಹಬ್ಬಾಸ್ ಹೇಳಿ.

ಅವರೆಕಾಳು

ಮೇಷ್ಟ್ರೇ, ನಮ್ಮ ಅಮ್ಮ ವಾಹನವಲ್ಲ. ನಿಮ್ಮ ಒಂದು ಕೋಟಿಯಲ್ಲಿ ಅವರನ್ನು ಎಲ್ಲಿ ಸೇರಿಸುತ್ತೀರಿ?

ಅಮ್ಮನಿಗೆ ಎಪ್ಪತ್ತೊಂದು ವರ್ಷ. ನಮ್ಮ ಮನೆಯಿಂದ ಸೊಪ್ಪು ತರಕಾರಿ ಸಿಗುವ ಕಡೆಗೆ ಹೋಗಲು ಆರು ಪಥದ ರಸ್ತೆ ದಾಟಬೇಕು. ಸಿಗ್ನಲ್ ಇದೆ, ಜೀಬ್ರಾ ಪಟ್ಟೆಯೂ ಇದೆ, ಅರ್ಧ ಅಳಿಸಿದೆ. ನಡೆಯುವವರಿಗೆ ಹಸಿರು ಮನುಷ್ಯ ಬೆಳಗುವುದು ಹದಿನಾಲ್ಕು ಸೆಕೆಂಡು. ಮೊಬೈಲಿನಲ್ಲಿ ಮೂರು ಸಲ ಅಳೆದಿದ್ದೇನೆ. ಅಮ್ಮ ಕೈಚೀಲ ಹಿಡಿದು ಒಂದು ಬದಿಯಿಂದ ನಡುವಿನ ವಿಭಜಕ ತಲುಪುವ ಹೊತ್ತಿಗೆ ಹನ್ನೆರಡು ಸೆಕೆಂಡು ಮುಗಿದಿರುತ್ತದೆ. ವಿಭಜಕದ ಮೇಲೆ ನಿಲ್ಲಲು ಜಾಗವಿಲ್ಲ, ಅಲ್ಲಿ ಗಿಡದ ಕುಂಡ ಇಟ್ಟಿದ್ದಾರೆ, ಕುಂಡಕ್ಕೆ ಬಣ್ಣ ಬಳಿದಿದ್ದಾರೆ. ಅಮ್ಮ ಒಂದು ಕಾಲು ಕುಂಡದ ಅಂಚಿನ ಮೇಲೆ, ಒಂದು ಕಾಲು ರಸ್ತೆಯಲ್ಲಿ ಇಟ್ಟು ನಿಲ್ಲುತ್ತಾರೆ. ಹೋದ ಅವರೆಕಾಯಿ ಕಾಲದಲ್ಲಿ ಬಸ್ಸೊಂದು ಚೀಲಕ್ಕೆ ತಾಗಿ, ಕಾಯಿಯೆಲ್ಲ ರಸ್ತೆಯ ಮೇಲೆ ಚೆಲ್ಲಿತು. ಅಮ್ಮ ಅದನ್ನು ಆರಿಸಲು ಬಗ್ಗಿದರು. ಅದನ್ನು ನೆನೆದರೆ ಇಂದಿಗೂ ನನಗೆ ಎದೆ ಝಲ್ಲೆನ್ನುತ್ತದೆ.

ಸ್ಕೈವಾಕ್ ಇದೆಯಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ. ಇದೆ, ನಾಲ್ಕು ನೂರು ಮೀಟರ್ ಆಚೆ. ಲಿಫ್ಟ್ ಇದೆ, ಬೀಗವೂ ಇದೆ. ಜಾಹೀರಾತಿನ ದೀಪ ಮಾತ್ರ ಒಂದು ದಿನವೂ ಆರಿದ್ದು ಕಂಡಿಲ್ಲ.

2022ರಲ್ಲಿ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು 1,68,491. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅವರ ಹೆಸರಿನಲ್ಲಿ ಒಂದು ನೋಂದಣಿ ಸಂಖ್ಯೆಯೂ ಇರಲಿಲ್ಲ.

ಲೆಕ್ಕದ ಮೇಷ್ಟ್ರು

ಅಮ್ಮನವರ ವಿಚಾರಕ್ಕೆ ನನ್ನಲ್ಲಿ ಉತ್ತರವಿಲ್ಲ. ಭಾಗಿಸಬೇಕಾದದ್ದು ವಾಹನದಿಂದಲ್ಲ, ಜನರಿಂದ ಎನ್ನುವುದು ಸರಿಯೇ.

ಏರ್‌ಪೋರ್ಟ್ ಟ್ಯಾಕ್ಸಿ

ಹನ್ನೊಂದು ವರ್ಷದಿಂದ ರಾತ್ರಿ ಓಡಿಸುತ್ತಿದ್ದೇನೆ. ಕಾಲ್ನಡಿಗೆ ಸಾರ್ ಹೇಳಿದ್ದು ನಿಜ, ಕಾರಣಗಳು ಇನ್ನೂ ಇವೆ.

ರಾತ್ರಿ ಎಷ್ಟೋ ಸಿಗ್ನಲ್‌ಗಳಲ್ಲಿ ಹಳದಿ ದೀಪ ಮಿಣುಕುತ್ತಿರುತ್ತದೆ. ಹಳದಿ ಮಿಣುಕಿದರೆ ನಿಧಾನಿಸಿ ನೋಡಿಕೊಂಡು ಹೋಗಬೇಕು. ನಮ್ಮಲ್ಲಿ ಅದಕ್ಕೆ "ಯಾರೂ ಇಲ್ಲ, ಹೋಗು" ಎಂದು ಅರ್ಥ. ಎರಡು ಕಡೆಯಿಂದ ಬರುವವರಿಬ್ಬರೂ ಹಾಗೆಯೇ ಓದಿಕೊಂಡರೆ ನಡುವೆ ಏನಾಗುತ್ತದೆ ಹೇಳಿ.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿದ ಮೇಲೆ ಹಗಲಿನ ಸಿಟ್ಟೆಲ್ಲ ಜನ ಆಕ್ಸಿಲರೇಟರ್ ಮೇಲೆ ತೀರಿಸಿಕೊಳ್ಳುತ್ತಾರೆ. ಒಂದು ಗಂಟೆ ತೆವಳಿದವನಿಗೆ ಖಾಲಿ ರಸ್ತೆ ಕಂಡರೆ ತಡೆಯಲಾಗುವುದಿಲ್ಲ. ನನಗೂ ಹಾಗೆಯೇ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಮೇಲ್ಸೇತುವೆಯಿಂದ ಇಳಿಯುವ ಕಡೆ ಬಸ್ಸಿಗೆ ಕಾಯುವವರು ರಸ್ತೆಯಲ್ಲೇ ನಿಂತಿರುತ್ತಾರೆ. ಮೇಲಿನಿಂದ ಎಂಬತ್ತರಲ್ಲಿ ಬರುವವನಿಗೆ ಅವರು ಕಾಣುವುದು ಮೂತಿಯ ಮುಂದೆ ಬಂದಾಗಲೇ.

ನಿದ್ದೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಬೆಳಗಿನ ಜಾವ ಮೂರರಿಂದ ಐದು, ಅದು ಕೆಟ್ಟ ಹೊತ್ತು. ಇಂತಿಷ್ಟು ಟ್ರಿಪ್ ಮುಗಿಸಿದರೆ ಮಾತ್ರ ಇನ್ಸೆಂಟಿವ್ ಎಂದು ಆ್ಯಪ್ ಹೇಳುತ್ತದೆ. ಹನ್ನೆರಡನೇ ಟ್ರಿಪ್‌ನಲ್ಲಿ ನನ್ನ ಕಣ್ಣು ತೆರೆದೇ ಇತ್ತು, ನಾನು ಮಾತ್ರ ಇರಲಿಲ್ಲ. ಚಕ್ರ ರಸ್ತೆಯ ಅಂಚಿನ ಬಿಳಿ ಪಟ್ಟಿಯ ಮೇಲೆ ಹತ್ತಿ "ಟರ್ರ್" ಎಂದು ಸದ್ದಾಯಿತು, ಅದೇ ನನ್ನನ್ನು ಎಬ್ಬಿಸಿದ್ದು. ಹಿಂದೆ ಕುಳಿತವರೂ ಮಲಗಿದ್ದರು, ಅವರಿಗೆ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಹತ್ತು ಟ್ರಿಪ್‌ಗೆ ನಿಲ್ಲಿಸುತ್ತೇನೆ. ಇನ್ಸೆಂಟಿವ್ ಹೋಗುತ್ತದೆ, ಹೋಗಲಿ.

ನೈಸ್ ರಸ್ತೆಯಲ್ಲಿ 2022ರ ಜನವರಿಯಿಂದ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಬೈಕ್ ಬಿಡುವುದಿಲ್ಲ. ಬೈಕಿನವರು ಬೈದರು, ನಾನು ನೆಮ್ಮದಿಯ ಉಸಿರು ಬಿಟ್ಟೆ.

ಹೆಸರಿಗೊಬ್ಬ

ಇದೆಲ್ಲ ಸುಮ್ಮನೆ ಕಾಲಹರಣ. ದಂಡವನ್ನು ಹತ್ತು ಪಟ್ಟು ಮಾಡಿ, ಲೈಸೆನ್ಸ್ ಹರಿದು ಬಿಸಾಕಿ, ಒಂದೇ ವಾರದಲ್ಲಿ ಸರಿಹೋಗುತ್ತದೆ. ನಮ್ಮ ಜನಕ್ಕೆ ದೊಣ್ಣೆಯ ಭಾಷೆ ಬಿಟ್ಟು ಬೇರೆ ಅರ್ಥವಾಗುವುದಿಲ್ಲ.

ಕಾಲ್ನಡಿಗೆ

ದೊಣ್ಣೆಯನ್ನು ಆಗಲೇ ಒಮ್ಮೆ ಎತ್ತಿ ನೋಡಿದ್ದಾರೆ. 2019ರ ಸೆಪ್ಟೆಂಬರ್ 1ರಿಂದ ಹೊಸ ದಂಡ ಬಂತು, ಹೆಲ್ಮೆಟ್ ಇಲ್ಲದಿದ್ದರೆ ಸಾವಿರ ರೂಪಾಯಿ. ಕೂಗೆದ್ದಿತು, ಅದೇ ತಿಂಗಳು ನಮ್ಮ ರಾಜ್ಯ ಅದನ್ನು ಐನೂರಕ್ಕೆ ಇಳಿಸಿತು. 2022ರ ಡಿಸೆಂಬರ್‌ನಲ್ಲಿ ಐವತ್ತು ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದವು. ಎರಡು ತಿಂಗಳೊಳಗೆ, 2023ರ ಫೆಬ್ರುವರಿಯಲ್ಲಿ, ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದರು. ಹಬ್ಬದ ಸೀರೆ ಮಾರಾಟಕ್ಕೆ ನಿಂತ ಹಾಗೆ ಜನ ಸಾಲುಗಟ್ಟಿದರು, ನೂರು ಕೋಟಿಗೂ ಹೆಚ್ಚು ಬಂತು. ಅದೇ 2023ರಲ್ಲಿ ಸಾವು 900 ದಾಟಿತು.

ಕ್ಯಾಮೆರಾ ಬೇಡ ಎನ್ನುತ್ತಿಲ್ಲ. ದಂಡದ ಪಟ್ಟಿಯಲ್ಲಿ ಸದಾ ಮೊದಲು ಬರುವುದು ಹೆಲ್ಮೆಟ್, ಅದು ಹಗಲಿನಲ್ಲಿ, ಜಂಕ್ಷನ್‌ನಲ್ಲಿ ಕಣ್ಣಿಗೆ ಬೀಳುವ ತಪ್ಪು. ರಾತ್ರಿ ಎರಡು ಜಂಕ್ಷನ್‌ಗಳ ನಡುವೆ ಎಂಬತ್ತರಲ್ಲಿ ಹೋದವನು ಮುಂದಿನ ಜಂಕ್ಷನ್ ಬಳಿ ನಲವತ್ತಕ್ಕೆ ಇಳಿಸಿ ಸಾಧುವಾಗಿ ದಾಟುತ್ತಾನೆ. ಅವನ ವೇಗವನ್ನು ಎರಡು ಕ್ಯಾಮೆರಾ ಕಂಬಗಳ ನಡುವಿನ ಸಮಯದಿಂದ ಅಳೆಯಬೇಕು.

ಹತ್ತಿಬಟ್ಟೆ

ಹೆಲ್ಮೆಟ್ ಬಗ್ಗೆ ತಾತ್ಸಾರದ ಮಾತು ಬೇಡ ಸಾರ್, ನಾನು ತುರ್ತು ಚಿಕಿತ್ಸಾ ವಿಭಾಗದ ದಾದಿ.

ನಮ್ಮಲ್ಲಿಗೆ ಬರುವ ಹೆಲ್ಮೆಟ್‌ಗಳಲ್ಲಿ ಎರಡು ಬಗೆ. ಒಂದು, ತಲೆಯ ಮೇಲೆಯೇ ಬರುವುದು. ಅದರ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುತ್ತೇವೆ, ಒಬ್ಬರು ಕುತ್ತಿಗೆ ಹಿಡಿದುಕೊಂಡು ಇನ್ನೊಬ್ಬರು ಮೆಲ್ಲಗೆ ಬಿಡಿಸುತ್ತೇವೆ. ಇನ್ನೊಂದು, ಆಮೇಲೆ ಬರುವುದು. ಜತೆಗಿದ್ದ ಯಾರೋ ಪ್ಲಾಸ್ಟಿಕ್ ಕವರಿನಲ್ಲಿ, ಚಪ್ಪಲಿ ಮೊಬೈಲಿನ ಜತೆ ತಂದು ಕೊಡುತ್ತಾರೆ. ಆ ಹೆಲ್ಮೆಟ್‌ಗೆ ಒಂದು ಗೀರೂ ಬಿದ್ದಿರುವುದಿಲ್ಲ. ಬಕಲ್ ಹಾಕಿರಲಿಲ್ಲ, ತಲೆ ನೆಲಕ್ಕೆ ಬೀಳುವ ಮೊದಲೇ ಅದು ಹಾರಿ ಹೋಗಿತ್ತು. ಅರ್ಧ ತಲೆಯ ಟೋಪಿಯಂತಹದ್ದು, ರಸ್ತೆ ಬದಿಯಲ್ಲಿ ಹಗ್ಗಕ್ಕೆ ತೂಗುಹಾಕಿ ಮಾರುವುದು, ಒಳಗೆ ಥರ್ಮೋಕೋಲ್ ಕೂಡ ಇರುವುದಿಲ್ಲ, ಐಎಸ್‌ಐ ಸ್ಟಿಕ್ಕರ್ ಮಾತ್ರ ಇರುತ್ತದೆ. ಕ್ಯಾಮೆರಾಕ್ಕೆ ಅದೂ ಹೆಲ್ಮೆಟ್ಟೇ.

ಒಳ್ಳೆಯ ಹೆಲ್ಮೆಟ್ ಸರಿಯಾಗಿ ಹಾಕಿದರೆ ಸಾವಿನ ಅಪಾಯ ನೂರಕ್ಕೆ ನಲವತ್ತರಷ್ಟು, ತಲೆಗೆ ಪೆಟ್ಟಿನ ಅಪಾಯ ಎಪ್ಪತ್ತರ ಹತ್ತಿರ ಇಳಿಯುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಹಿಂಬದಿ ಸವಾರರಿಗೂ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಕಡ್ಡಾಯ. ಆದರೆ ಹಿಂದೆ ಕುಳಿತ ಹೆಂಡತಿ ಬರಿತಲೆಯಲ್ಲಿ, ಒಂದು ಕಡೆಗೆ ಕಾಲು ಹಾಕಿಕೊಂಡು, ಮಡಿಲಲ್ಲಿ ಮಗು. ಹಂಪ್ ಮೇಲೆ ಎಗರಿ ಬಿದ್ದವರು ಎಷ್ಟು ಮಂದಿ! ಗಾಡಿಗೆ ಯಾವುದೂ ಡಿಕ್ಕಿ ಹೊಡೆದಿರುವುದಿಲ್ಲ, ಗಂಡನಿಗೆ ತರಚಿದ ಗಾಯವೂ ಇರುವುದಿಲ್ಲ. ಅವನು ಬಾಗಿಲ ಬಳಿ ನಿಂತು "ನಿಧಾನಕ್ಕೇ ಹೋಗುತ್ತಿದ್ದೆ ಸಿಸ್ಟರ್" ಎಂದು ಮತ್ತೆ ಮತ್ತೆ ಹೇಳುತ್ತಿರುತ್ತಾನೆ.

ಗಾರೆ ಕೆಲಸ

ಸಿಸ್ಟರ್ ಹಂಪ್ ಎಂದರು, ಅಲ್ಲಿಂದಲೇ ಹಿಡಿಯುತ್ತೇನೆ. ಸಿವಿಲ್ ಎಂಜಿನಿಯರ್ ನಾನು, ಒಂದಷ್ಟು ವರ್ಷ ರಸ್ತೆ ಗುತ್ತಿಗೆಯಲ್ಲಿದ್ದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂದರೆ ಒಂದು ಕಾರಿನ ಉದ್ದದಷ್ಟು ಅಗಲ, ಒಂದು ಗೇಣಿನ ಅರ್ಧದಷ್ಟು ಎತ್ತರ. ಮೇಲೆ ಬಿಳಿ ಪಟ್ಟೆ, ಮುಂಚೆಯೇ ಎಚ್ಚರಿಕೆಯ ಫಲಕ. ನಮ್ಮ ಬಡಾವಣೆಯ ಹಂಪ್ ಹೇಗೆ ಹುಟ್ಟುತ್ತದೆ? ಒಂದು ಅಪಘಾತವಾಗುತ್ತದೆ, ಜನ ರಸ್ತೆಗೆ ಇಳಿಯುತ್ತಾರೆ, ಅವರನ್ನು ಸಮಾಧಾನಪಡಿಸಲು ಪಕ್ಕದ ಕೆಲಸದಲ್ಲಿ ಮಿಕ್ಕ ಡಾಂಬರನ್ನು ಆ ರಾತ್ರಿಯೇ ಸುರಿದು ಹೋಗುತ್ತಾರೆ. ಬೆಳಗ್ಗೆ ನೋಡಿದರೆ ರಸ್ತೆಗೆ ಅಡ್ಡಲಾಗಿ ಹೆಬ್ಬಾವು ಮಲಗಿದ ಹಾಗೆ ಇರುತ್ತದೆ. ಬಣ್ಣ ಬಳಿಯುವುದು ಬೇರೆ ಟೆಂಡರ್.

ಮೇಲಿನ ಹೆಸರಿಗೊಬ್ಬರು ಜನಕ್ಕೆ ದೊಣ್ಣೆ ಬೇಕು ಎಂದರು. ರಸ್ತೆ ಮಾಡಿದವನಿಗೂ ಒಂದು ದೊಣ್ಣೆ ಕಾನೂನಿನಲ್ಲಿದೆ, ಮೋಟಾರು ವಾಹನ ಕಾಯ್ದೆಯ 198ಎ. ವಿನ್ಯಾಸದ ದೋಷದಿಂದ ಸಾವಾದರೆ ಗುತ್ತಿಗೆದಾರನಿಗೆ, ಸಲಹೆಗಾರನಿಗೆ, ರಸ್ತೆಯ ಹೊಣೆ ಹೊತ್ತ ಸಂಸ್ಥೆಗೆ ದಂಡ. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ನಮ್ಮ ಸೈಟಿನಲ್ಲಿ ಒಂದು ದಿನದ ಡೀಸೆಲ್ ಖರ್ಚು ಅದಕ್ಕಿಂತ ಹೆಚ್ಚಿತ್ತು.

ಇನ್ನು ಬ್ಲ್ಯಾಕ್ ಸ್ಪಾಟ್, ಅಂದರೆ ಮತ್ತೆ ಮತ್ತೆ ಅಪಘಾತವಾಗುವ ಜಾಗ ಎಂದು ಗುರುತಿಸುವುದು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿರಬೇಕು. ಹತ್ತು ಜನ ಸತ್ತ ಮೇಲೆ ಹನ್ನೊಂದನೆಯವನಿಗಾಗಿ ಸಭೆ ಸೇರುತ್ತೇವೆ. ಅವರೆಕಾಳು ಅವರು ಹೇಳಿದ ಸಿಗ್ನಲ್ ಈ ಲೆಕ್ಕದಲ್ಲಿ ಎಂದಿಗೂ ಬ್ಲ್ಯಾಕ್ ಸ್ಪಾಟ್ ಆಗುವುದಿಲ್ಲ, ಏಕೆಂದರೆ ಅವರ ಅಮ್ಮನಂತಹವರು ಹೆದರಿ ಹೆದರಿ ಬದುಕಿಕೊಂಡಿದ್ದಾರೆ.

ಕಾಲ್ನಡಿಗೆಯವರ ಮೂಲ ಪ್ರಶ್ನೆಗೆ: ಹೌದು. ಗಂಟೆಗೆ 60ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗುತ್ತದೆ, 30ರಲ್ಲಿ ಎಂಟು ಮೀಟರ್. ಚಾಲಕ ನೋಡಿ, ತಿಳಿದು, ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ನಾಲ್ಕರಷ್ಟು ಏರುತ್ತದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾವು ಕಟ್ಟುತ್ತಿರುವುದು ಹಗಲಿನ ದಟ್ಟಣೆಗೆ ಬೇಕಾದ ಅಗಲದ ರಸ್ತೆ. ರಾತ್ರಿ ಅದೇ ಅಗಲ ರನ್‌ವೇ ಆಗುತ್ತದೆ.

ಮದ್ದೂರು ವಡೆ

ರನ್‌ವೇ ಎಂದರೆ ನಮ್ಮದು. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೊದಲ ಬೇಸಿಗೆಯಲ್ಲಿ ದಿನ ಬೆಳಗಾದರೆ ಸಾವಿನ ಸುದ್ದಿ. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧವಾಯಿತು, ಕ್ಯಾಮೆರಾ ಬಂತು, ನೂರರ ಮಿತಿ ಮೀರಿದವರಿಗೆ ಪ್ರಕರಣ ಬಿತ್ತು. ಮರುವರ್ಷ ಸಾವು ಬಹಳ ಇಳಿಯಿತು, ಒಪ್ಪಬೇಕಾದ ಮಾತು. ಮನಸ್ಸು ಮಾಡಿದರೆ ಆಗುತ್ತದೆ.

ಆದರೆ ಬೈಕಿನವರು ಮಾಯವಾಗಲಿಲ್ಲ, ಸರ್ವಿಸ್ ರಸ್ತೆಗೆ ಇಳಿದರು. ಅಲ್ಲಿ ನಮ್ಮ ಕಬ್ಬಿನ ಗಾಡಿ, ಶಾಲೆಯ ಮಕ್ಕಳು, ಎದುರು ದಿಕ್ಕಿನಲ್ಲಿ ಬರುವ ಲಗೇಜ್ ಆಟೊ, ಎಲ್ಲವೂ ಒಂದೇ ಹಾದಿ. ಆ ಕಡೆ ಯಾರೂ ಕ್ಯಾಮೆರಾ ಹಾಕಿಲ್ಲ.

ವಿಮೆ ಸರ್ವೆ

ಇನ್ನೊಂದು ತೂತು ನೆನಪಾಯಿತು. ನಗರ ಪೊಲೀಸರ ಲೆಕ್ಕ ನಗರದ ಠಾಣೆಗಳದ್ದು ಮಾತ್ರ. ತುಮಕೂರು ರಸ್ತೆಯಲ್ಲಿ ನೆಲಮಂಗಲ ಬಂದರೆ ಅದು ಬೆಂಗಳೂರು ಗ್ರಾಮಾಂತರ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ಹೋದರು. ಬೆಂಗಳೂರಿನಿಂದ ಹೊರಟವರೇ, ಆದರೆ ನಗರದ 900ರ ಲೆಕ್ಕದಲ್ಲಿ ಇಲ್ಲ. ನಿಮ್ಮ ಪ್ರಶ್ನೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಹೆಸರಿಗೊಬ್ಬ

ಸರಿ, ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳುತ್ತೇನೆ, ಸಿಟ್ಟಿಲ್ಲದೆ. ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕೇ? ಒಮ್ಮೆ ನಾನು ನಿಲ್ಲಿಸಲಿಲ್ಲ. ಅದು ಮನಸ್ಸಿನಲ್ಲಿದೆ.

ಹತ್ತಿಬಟ್ಟೆ

ಅಲೆಯಬೇಕಿಲ್ಲ ಅಣ್ಣ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆಮೇಲೆ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿದೆ, ನಮ್ಮ ರಾಜ್ಯದಲ್ಲಿ ಬೇರೆ ಕಾನೂನೇ ಇದೆ. ಗಾಯಾಳುವನ್ನು ಕರೆತಂದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ಹಣ ಕಟ್ಟಬೇಕಿಲ್ಲ. 108ಕ್ಕೆ ಕರೆ ಮಾಡಿ. ಕುತ್ತಿಗೆ ತಿರುಚಬೇಡಿ, ನೀರು ಕುಡಿಸಬೇಡಿ, ರಕ್ತ ಸೋರುವ ಕಡೆ ಬಟ್ಟೆ ಒತ್ತಿ ಹಿಡಿಯಿರಿ. ಹಣದ ವಿಚಾರಕ್ಕೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಭರಿಸುವ ಸಾಂತ್ವನ ಹರೀಶ್ ಯೋಜನೆ 2016ರಲ್ಲಿ ನಮ್ಮಲ್ಲೇ ಹುಟ್ಟಿದ್ದು. ಈಗ ಕೇಂದ್ರದ್ದು ಏಳು ದಿನಕ್ಕೆ ಒಂದೂವರೆ ಲಕ್ಷದವರೆಗೆ, 2025ರ ಮೇ ತಿಂಗಳಿನಿಂದ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ನೀವೇ ಹೇಳಿ. ಎಷ್ಟೋ ಕಡೆ ಗೊತ್ತಿರುವುದಿಲ್ಲ.

ಕಾಲ್ನಡಿಗೆ

ಅವರೆಕಾಳು ಅವರೇ, ಆ ಸಿಗ್ನಲ್ ಎಲ್ಲಿ ಎಂದು ಖಾಸಗಿಯಾಗಿ ತಿಳಿಸುತ್ತೀರಾ? ಗಾರೆ ಕೆಲಸದವರ ಬಳಿ ಅಳತೆ ಟೇಪ್ ಇದ್ದೇ ಇರುತ್ತದೆ. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿದರೂ 24 ಮೀಟರ್ ರಸ್ತೆಗೆ ಇಪ್ಪತ್ತು ಸೆಕೆಂಡು ಬೇಕು, ಹದಿನಾಲ್ಕು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ರಸ್ತೆಯ ಅಗಲ, ಸಿಗ್ನಲ್ ಸಮಯ, ಕುಂಡದ ಫೋಟೊ, ಒಂದು ಗಂಟೆಯಲ್ಲಿ ದಾಟಿದವರ ಸಂಖ್ಯೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಸಂಚಾರ ಠಾಣೆಗೂ ಪಾಲಿಕೆಯ ವಾರ್ಡ್ ಕಚೇರಿಗೂ ಕೊಡೋಣ. ಈಗ ಪಾಲಿಕೆ ಐದಾಗಿದೆ, ನಿಮ್ಮದು ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಶನಿವಾರ ಸಂಜೆ ಐದಕ್ಕೆ?

ಗಾರೆ ಕೆಲಸ

ಬರುತ್ತೇನೆ. ಟೇಪ್ ಐವತ್ತು ಮೀಟರಿನದು.

ಅವರೆಕಾಳು

ಅಮ್ಮನೂ ಬರುತ್ತಾರಂತೆ. "ಗಡಿಯಾರ ಯಾಕೆ, ನಾನು ದಾಟುತ್ತೇನೆ, ನೋಡಿ ಬರೆದುಕೊಳ್ಳಲಿ" ಎನ್ನುತ್ತಿದ್ದಾರೆ. ದಾಟಲು ಬಿಡುವುದಿಲ್ಲ, ನಿಂತು ಎಣಿಸುತ್ತಾರೆ.

ಗೋಲಿ ಸೋಡಾ

ಶನಿವಾರ ಮಳೆ ಎನ್ನುತ್ತಿದ್ದಾರೆ. ಮಳೆ ಬಂದರೆ ಗುಂಡಿಯ ಆಳವನ್ನೂ ಅದೇ ಟೇಪಿನಲ್ಲಿ ಅಳೆಯಬಹುದು. ಕೊಡೆ ತರುತ್ತೇನೆ.